ಮಾದರಿ ತೆರಿಗೆದಾರ

ಹಿರೇಸಂಕನಾಳ ಪಟ್ಟಣ ಪಂಚಾಯಿತಿಯ ಮಾದರಿ ತೆರಿಗೆದಾರ ಪರಸಪ್ಪ ದೊಡ್ಡಮನಿ ಆ ಶುಕ್ರವಾರ ಬೆಳಿಗ್ಗೆ ದುಬೈಯ ಅಲ್ ಕೂಜ್‌ನ ಗೋದಾಮಿನಲ್ಲಿ ಕಬ್ಬಿಣ ಹೊರುತ್ತಿದ್ದ. ತಾನು ಮಾದರಿ ಎಂಬುದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಲಾರಿ ತುಂಬಬೇಕು, ದೇರಾದ ಹೋಟೆಲಿನ ಹಾಲ್‌ನಲ್ಲಿ ಸ್ಟೇಜ್ ಕಟ್ಟಬೇಕು, ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಅದೇ ಸ್ಟೇಜ್ ಬಿಚ್ಚಬೇಕು. ಅವನಿಗೆ ಗೊತ್ತಿದ್ದದ್ದು ಇಷ್ಟೇ.

ನೋಡುವವರಿಗೆ ಸ್ಟೇಜ್ ಎಂದರೆ ಕೆಂಪು ಕಾರ್ಪೆಟ್ಟು, ಹೂವಿನ ಕುಂಡ, ಬಣ್ಣದ ದೀಪ. ಹೊರುವವನಿಗೆ ಅದು ಭುಜದ ಮೂಳೆ ಕೊರೆಯುವ ಕಬ್ಬಿಣದ ಚೌಕಟ್ಟು, ಬೆರಳ ಸಂದಿಯಲ್ಲಿ ಸಿಬಿರು ಮುರಿಯುವ ಪ್ಲೈವುಡ್ಡು. 2016ರ ಸೆಪ್ಟೆಂಬರ್. ಗೋದಾಮಿನ ತಗಡು ಬೆಳಗಿನಿಂದಲೇ ಕಾದು, ಉಸಿರೆಳೆದರೆ ಮೂಗು ಸುಡುತ್ತಿತ್ತು. ಒಂದು ಮೂಲೆಯಲ್ಲಿ ಗಾಜಿನ ಕೋಣೆ ಇತ್ತು. ಅದಕ್ಕೆ ಎಸಿ ಇತ್ತು. ಅಲ್ಲಿ ಎಲ್‌ಇಡಿ ಪರದೆಗಳನ್ನು ಇಟ್ಟಿದ್ದರು. ಬಿಸಿಗೆ ಪರದೆ ಕೆಡುತ್ತದೆ, ರಿಪೇರಿಗೆ ಖರ್ಚು ಬರುತ್ತದೆ. ಪರಸಪ್ಪ ಕೆಟ್ಟರೆ ಊರಿನಿಂದ ಇನ್ನೊಬ್ಬನನ್ನು ತರಿಸಬಹುದು.

ಮದುವೆ, ಪಾರ್ಟಿ, ಸಂಘಗಳ ಸಮಾರಂಭ ಎಲ್ಲಕ್ಕೂ ಸ್ಟೇಜು, ಕುರ್ಚಿ, ದೀಪ ಒದಗಿಸುವ ಕಂಪನಿ ಅದು. ಮ್ಯಾನೇಜರ್ ಶಿವಪ್ರಸಾದ ಹಿರೇಸಂಕನಾಳದವರೇ. ಆದರೆ ಮೇಲಿನ ಓಣಿಯವರು. ಆ ಸೀಮೆಯಿಂದ ಬಂದು ದುಬೈಯಲ್ಲಿ ನೆಲೆಸಿದವರೆಲ್ಲ ಸೇರಿ ಕಟ್ಟಿಕೊಂಡ ತಾಯ್ನಾಡ ಬಳಗಕ್ಕೂ ಅವರೇ ಯಜಮಾನರು. ಪರಸಪ್ಪನಿಗೆ ವೀಸಾ ಕೊಡಿಸಿದ್ದೂ ಅವರೇ. ಅದನ್ನು ಪರಸಪ್ಪ ಮರೆತಿರಲಿಲ್ಲ, ಮರೆಯಲು ಅವರು ಬಿಟ್ಟೂ ಇರಲಿಲ್ಲ. ನಮ್ಮೂರ ಹುಡುಗ, ನಾನೇ ಕರಕೊಂಡು ಬಂದೆ ಎಂದು ಸಿಕ್ಕವರ ಮುಂದೆಲ್ಲ ಬೆನ್ನು ತಟ್ಟುವರು. ಹುಡುಗನ ಮೀಸೆ ಅರ್ಧ ಬೆಳ್ಳಗಾಗಿತ್ತು. ಅವರ ಹೊಸ ಫ್ಲ್ಯಾಟಿನ ಗೃಹಪ್ರವೇಶದ ದಿನ ಲಿಫ್ಟಿನಲ್ಲಿ ಹಿಡಿಸದ ಸೋಫಾವನ್ನು ಮೆಟ್ಟಿಲ ಮೇಲೆ ಹೊತ್ತು ಏರಿಸಿದವನು ಪರಸಪ್ಪ. ಊಟದ ಪೊಟ್ಟಣ ಮಾತ್ರ ಅವನಿಗೆ ಕೆಳಗೆ ವಾಚ್‌ಮನ್ನನ ಕುರ್ಚಿಯ ಹತ್ತಿರ ಸಿಕ್ಕಿತು. ಮೇಲೆ ಮಡಿ ನಡೆಯುತ್ತಿತ್ತಂತೆ. ಸೋಫಾಕ್ಕೆ ಮೈಲಿಗೆ ಇರಲಿಲ್ಲ.

ಕಂಪನಿಯಲ್ಲಿ ಪರಸಪ್ಪನಿಗೆ ಹೊರುವುದರ ಜೊತೆಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಹೆಸರಿರಲಿಲ್ಲ. ಸ್ಟೇಜ್ ಕಟ್ಟಿ ಮುಗಿದ ಮೇಲೆ ಲೈಟು, ಕ್ಯಾಮೆರಾ ಸರಿ ಮಾಡಲು ಯಾರಾದರೊಬ್ಬರು ನಡುವೆ ನಿಲ್ಲಬೇಕಲ್ಲ, ಆ ಒಬ್ಬ ಯಾವತ್ತೂ ಪರಸಪ್ಪ. ಆಳು ಎತ್ತರ, ಮೈ ಕಪ್ಪು. ಇವನ ಮುಖ ಬೆಳಗಿದರೆ ಯಾರ ಮುಖವೂ ಬೆಳಗುತ್ತದೆ ಎಂದು ಲೈಟಿನವರು ನಗುತ್ತಿದ್ದರು. ಹೀಗೆ ಅವನು ಮದುಮಗನ ಜಾಗದಲ್ಲಿ ನಿಂತಿದ್ದ, ಮದುಮಗಳ ಜಾಗದಲ್ಲೂ ನಿಂತಿದ್ದ. ಖಾಲಿ ಕೈಯಲ್ಲಿ ಕಪ್ ಹಿಡಿದು ವರ್ಷದ ಶ್ರೇಷ್ಠ ಉದ್ಯಮಿಯಾಗಿದ್ದ, ಒಮ್ಮೆ ಸ್ವಾಮಿಗಳ ಸಿಂಹಾಸನದಲ್ಲೂ ಕುಳಿತು ಎದ್ದಿದ್ದ. ನಿಂತಲ್ಲಿ ನಿಲ್ಲು, ನಗು, ಕೈ ಮುಗಿ, ಬಗ್ಗು ಎಂದು ಹೇಳಿದ ಹಾಗೆ ಮಾಡಿ ಇಳಿಯುವುದು. ನಿಜವಾದವರು ಬಂದಾಗ ಅವನು ಪರದೆಯ ಹಿಂದೆ ಇರುತ್ತಿದ್ದ.

ಅವನಿಗೂ ನಿಜವಾದದ್ದೊಂದು ಇತ್ತು. ಊರಲ್ಲಿ ಮನೆ.

ವಿಜಯಪುರದ ಆಚೆಯ ಹಿರೇಸಂಕನಾಳದಲ್ಲಿ, ಊರು ಮುಗಿದ ಮೇಲೆ ಶುರುವಾಗುವ ಕೇರಿಯಲ್ಲಿ, ಎರಡು ಕೋಣೆ, ಒಂದು ಪಡಸಾಲೆ, ಮೇಲೆ ಆರ್‌ಸಿಸಿ. ಹನ್ನೊಂದು ವರ್ಷ ಕಬ್ಬಿಣ ಹೊತ್ತ ಭುಜ ಅಲ್ಲಿ ಗೋಡೆಯಾಗಿ ನಿಂತಿತ್ತು. ಕೇರಿಯಲ್ಲಿ ತಲೆಯ ಮೇಲೆ ಸಿಮೆಂಟು ಹಾಕಿಸಿದ ಮೊದಲ ಮನೆ ಅದೇ. ಹೆಂಡತಿ ನಿಂಗವ್ವ ಪಡಸಾಲೆಯ ನೆಲಕ್ಕೆ ತಿಳಿಹಸಿರು ಟೈಲ್ಸ್ ಹಾಕಿಸಿದ್ದಳು. ಆ ಟೈಲ್ಸೇ ಪಂಚಾಯಿತಿಯವರ ಕಣ್ಣಿಗೆ ಬಿತ್ತು.

ಹಿಂದಿನ ವರ್ಷ ಊರನ್ನು ಪಟ್ಟಣ ಪಂಚಾಯಿತಿ ಮಾಡಿದರು. ಊರಿಗೇನೂ ಆಗಲಿಲ್ಲ, ತೆರಿಗೆ ಮಾತ್ರ ಪಟ್ಟಣವಾಯಿತು. ಮನೆ ಅಳೆಯಲು ಪಂಚಾಯಿತಿಯವನೊಬ್ಬ ಟೇಪು ಹಿಡಿದು ಕೇರಿಗೆ ಬಂದ. ನಿಂಗವ್ವ ಒಳಗೆ ಬನ್ನಿ ಅಂದಳು. ಅವನು ಬರಲಿಲ್ಲ. ಕೇರಿಯ ಮನೆಯೊಳಗೆ ಕಾಲಿಟ್ಟರೆ ಮನೆಗೆ ಹೋಗಿ ಸ್ನಾನ ಮಾಡಬೇಕು, ಅವನ ಮನೆಯಲ್ಲೂ ನೀರಿಗೆ ತಾಪತ್ರಯ. ಅಂಗಳದಲ್ಲೇ ನಿಂತು ಕುತ್ತಿಗೆ ಚಾಚಿ ನೋಡಿ ಬರೆದುಕೊಂಡ. ಒಳಗೆ ಹೋಗಿದ್ದರೆ ಎರಡು ಕೋಣೆ ಕಾಣುತ್ತಿದ್ದವು. ಹೊರಗಿನಿಂದ ನಾಲ್ಕು ಕಂಡವು. ಪಕ್ಕದ ಮನೆಯ ಆಡಿನ ದೊಡ್ಡಿಯೂ ಇವರ ಲೆಕ್ಕಕ್ಕೇ ಸೇರಿತು. ಹೋಗುವಾಗ, ಅಡ್ಡಹೆಸರೇ ದೊಡ್ಡಮನಿ ಅಂತ ಇದೆಯಲ್ಲ ತಂಗಿ ಎಂದು ತಮಾಷೆ ಮಾಡಿದ.

ಆಮೇಲೆ ಬಂದ ತೆರಿಗೆ ಹಳೆಯ ತೆರಿಗೆಯ ಹತ್ತು ಪಟ್ಟಿಗಿಂತ ಹೆಚ್ಚಿತ್ತು. ಆರ್‌ಸಿಸಿ ಮನೆ ಎ ದರ್ಜೆ. ಹಳೆಯ ಮಣ್ಣಿನ ಮನೆ ಕೊನೆಯ ದರ್ಜೆ. ಊರಲ್ಲಿ ಆನೆ ಕಟ್ಟಿದರೂ ಜಾಗ ಉಳಿಯುವ ಗೌಡರ ವಾಡೆ ಮಣ್ಣಿನದು. ಶಿವಪ್ರಸಾದರ ಅಪ್ಪನ ತೊಟ್ಟಿಯ ಮನೆಯೂ ಮಣ್ಣಿನದು. ಹಾಗಾಗಿ ಅವೆರಡೂ ಬಡವರ ದರ್ಜೆಯಲ್ಲಿ ಕುಳಿತವು, ಎರಡು ಕೋಣೆಯ ಪರಸಪ್ಪ ಶ್ರೀಮಂತನಾದ. ಅದರ ಮೇಲೆ ನೀರಿನ ಕರ. ಕೇರಿಯಲ್ಲಿ ನಲ್ಲಿ ನೆಟ್ಟಿದ್ದರು, ನೀರು ಬಿಟ್ಟಿರಲಿಲ್ಲ. ದೀಪದ ಕರ. ಕಂಬವಿತ್ತು, ದೀಪವಿರಲಿಲ್ಲ. ಕಸದ ಕರ. ಊರಿನ ಕಸವನ್ನೆಲ್ಲ ತಂದು ಸುರಿಯುತ್ತಿದ್ದದ್ದೇ ಕೇರಿಯ ಪಕ್ಕದಲ್ಲಿ. ಕೊನೆಗೆ ಮೋರಿ ಕರ. ಮೇಲಿನ ಓಣಿಯ ಬಚ್ಚಲು, ಕಕ್ಕಸು ಎಲ್ಲ ಇಳಿಜಾರು ಹಿಡಿದು ಕೇರಿಯ ಬಾಗಿಲುಗಳ ಮುಂದೆ ಹಾದು ಹೋಗುತ್ತಿದ್ದವು. ಹರಿಸುವವರಿಗೆ ಕರವಿಲ್ಲ, ಅವರದು ಮಣ್ಣಿನ ಮನೆ. ದಾಟುವವರಿಗೆ ಕರ.

ನಿಂಗವ್ವನಿಗೆ ಸಿಟ್ಟು ಬಂತು. ಕೇರಿಗೆಲ್ಲ ಬಂತು. ಕಟ್ಟೆಯ ಮೇಲೆ ಕೂತು ಎಲ್ಲರೂ ಒಂದು ಮಾತು ಮಾಡಿಕೊಂಡರು. ನಲ್ಲಿಯಲ್ಲಿ ನೀರು ಬರುವ ತನಕ ಒಂದು ಮನೆಯೂ ಪೈಸೆ ಕಟ್ಟಬಾರದು. ಪಂಚಾಯಿತಿಯವರು ಜಪ್ತಿಯ ಮಾತಾಡಿದರು. ಬಾಗಿಲು ಕಿತ್ತುಕೊಂಡು ಹೋಗುತ್ತೇವೆ, ಪಾತ್ರೆ ಹೊತ್ತು ಹೋಗುತ್ತೇವೆ ಅಂದರು. ಹೆದರಿದವರು ಇದ್ದರು. ಆದರೂ ಯಾರೂ ಕಟ್ಟಲಿಲ್ಲ. ದೊಡ್ಡಮನಿಯವರೇ ಕಟ್ಟಿಲ್ಲ, ನಾವ್ಯಾಕೆ ಕಟ್ಟೋಣ ಎಂಬುದೇ ಅವರ ಧೈರ್ಯ. ಆ ಮಾತು ಮುರಿಯಲು ಒಂದು ಮನೆಯವರು ತೆರಿಗೆ ಕಟ್ಟಿದರೆ ಸಾಕಿತ್ತು. ಅದು ಯಾವ ಮನೆ ಎಂಬುದು ಕೇರಿಗೂ ಗೊತ್ತಿತ್ತು, ಪಂಚಾಯಿತಿಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲೇ ಪಟ್ಟಣ ಪಂಚಾಯಿತಿಯ ಅಧ್ಯಕ್ಷರು, ಅದೇ ಮಣ್ಣಿನ ವಾಡೆಯ ಅಡಿವೆಪ್ಪಗೌಡರು, ದುಬೈಗೆ ಬಂದದ್ದು. ಅಧ್ಯಯನ ಪ್ರವಾಸವಂತೆ. ತಾಯ್ನಾಡ ಬಳಗದವರು ಟಿಕೆಟ್ ಕೊಟ್ಟು ಕರೆಸಿದ್ದರು. ಗೌಡರು ನಾಲ್ಕು ದಿನ ಅಧ್ಯಯನ ಮಾಡಿದರು. ಅತಿ ಎತ್ತರದ ಕಟ್ಟಡದ ಮುಂದೆ ಕುಣಿಯುವ ಕಾರಂಜಿ ನೋಡಿ, ನಮ್ಮೂರ ಬಸ್‌ಸ್ಟ್ಯಾಂಡಿನ ಮುಂದೆ ಇಂಥದ್ದೊಂದು ಆಗಬೇಕು ಅಂದರು. ಅವರನ್ನು ಕಂಪನಿಯ ಗಾಡಿಯಲ್ಲಿ ಸುತ್ತಿಸಿದ ಡ್ರೈವರ್ ಅಬೂಬಕ್ಕರ್ ಉಳ್ಳಾಲದ ಕಡೆಯವನು. ಗೌಡರು ದಾರಿಯುದ್ದಕ್ಕೂ, ಇಲ್ಲಿ ಮೋರಿ ಎಲ್ಲಿವೆ, ಮೋರಿಯೇ ಕಾಣುವುದಿಲ್ಲವಲ್ಲ ಎಂದು ಕೇಳುತ್ತಿದ್ದರೆಂದು ಅವನು ಪರಸಪ್ಪನಿಗೆ ಹೇಳಿ ನಕ್ಕಿದ್ದ. ಊರ ಬಾಗಿಲಿಗೆ ಒಂದು ಸ್ವಾಗತ ಕಮಾನು ಕಟ್ಟಿಸಲು ಗೌಡರಿಗೆ ದೇಣಿಗೆಯೂ ಬೇಕಿತ್ತು. ಕೊಟ್ಟವರ ಹಿರಿಯರ ಹೆಸರು ಕಲ್ಲಿನಲ್ಲಿ ಕೆತ್ತಿಸುವ ಏರ್ಪಾಡು. ಶಿವಪ್ರಸಾದರ ಅಪ್ಪನ ಹೆಸರು ಎಲ್ಲಕ್ಕಿಂತ ಮೇಲೆ ಬರುವುದಿತ್ತು.

ಆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಸ್ಟೇಜ್ ಎದ್ದು ನಿಂತಿತು. ಪರಸಪ್ಪ ಬನಿಯನ್ನು ಹಿಂಡಿ ಮತ್ತೆ ಹಾಕಿಕೊಂಡು, ಮೇಲೆ ಕಂಪನಿಯ ನೀಲಿ ಅಂಗಿ ಏರಿಸಿದ. ಶಿವಪ್ರಸಾದರು ಗೌಡರ ಜೊತೆ ಬಂದರು. ಲೈಟ್ ಟ್ರಯಲ್ ಎಂದು ಕರೆದರು. ಇವನು ಎಂದಿನಂತೆ ಹೋಗಿ ನಡುವೆ ನಿಂತ. ಈ ಸಲ ಸನ್ಮಾನದ ಟ್ರಯಲ್. ಗೌಡರೇ ಶಾಲು ಹಿಡಿದರು. ಆಳು ಗಿಡ್ಡ, ಹೊಟ್ಟೆ ದೊಡ್ಡದು. ಕೈ ಎಟುಕಲಿಲ್ಲ. ಬಗ್ಗು ಅಂದರು, ಪರಸಪ್ಪ ಬಗ್ಗಿದ. ತಲೆಗೆ ಪೇಟ ಬಂತು. ಬಳಗದಲ್ಲಿದ್ದದ್ದು ಅದೊಂದೇ ಮೈಸೂರು ಪೇಟ, ಮೂರು ವರ್ಷದಿಂದ ಬಂದ ಅತಿಥಿಗಳೆಲ್ಲರ ತಲೆಯೆಣ್ಣೆ ಅದರಲ್ಲಿ ಉಳಿದಿತ್ತು. ಹಣ್ಣಿನ ಬುಟ್ಟಿ ಕೈಗೆ ಬಂತು. ನಗು ಅಂದರು, ನಕ್ಕ. ಯಾವ ಪುಣ್ಯಾತ್ಮನಿಗೋ ಇವತ್ತು ಸನ್ಮಾನ ಎಂದುಕೊಂಡು ಚೆನ್ನಾಗಿಯೇ ನಕ್ಕ. ಫೋಟೋ ತೆಗೆದರು. ಶಾಲು ಬಿಚ್ಚಿ, ತಾನೇ ನೀಟಾಗಿ ಮಡಚಿ ಟ್ರೇಯಲ್ಲಿಟ್ಟು, ಹೋಟೆಲಿನ ಹಿಂಬಾಗಿಲಲ್ಲಿ ಊಟಕ್ಕೆ ಕುಳಿತ.

ಅನ್ನಕ್ಕೆ ಸಾರು ಕಲಸುವಾಗ ನಿಂಗವ್ವನ ಮಿಸ್ಡ್ ಕಾಲ್ ಬಂತು. ಹೊತ್ತಲ್ಲದ ಹೊತ್ತು. ಎಡಗೈಯಲ್ಲೇ ತಿರುಗಿ ಮಾಡಿದ. ಆಚೆಯಿಂದ ಅವಳ ದನಿ ತಣ್ಣಗಿತ್ತು. ಅವಳ ದನಿ ತಣ್ಣಗಾದರೆ ಪರಸಪ್ಪನಿಗೆ ಕೈಕಾಲು ಆಡುವುದಿಲ್ಲ.

"ಶಾಲು ಚಲೋ ಒಪ್ಪೈತ್ರಿ ನಿಮಗ," ಅಂದಳು.

ಅವನಿಗೆ ತಿಳಿಯಲಿಲ್ಲ. ಅವಳು ತಿಳಿಸಿ ಹೇಳಿದಳು. ಫೋಟೋ ಊರ ತುಂಬ ಹರಿದಾಡುತ್ತಿತ್ತು. ಮಗಳು ಅಕ್ಷರಾಳ ಫೋನಿಗೂ ಬಂದಿತ್ತು. ಕೆಳಗೆ ಬರೆದಿದ್ದರು: ಪೂರ್ತಿ ಮನೆ ತೆರಿಗೆ ಕಟ್ಟಿ ಊರಿಗೆ ಮಾದರಿಯಾದ ಪರಸಪ್ಪ ದೊಡ್ಡಮನಿಯವರಿಗೆ ಅಧ್ಯಕ್ಷರಿಂದ ದುಬೈಯಲ್ಲಿ ಸನ್ಮಾನ. ಪಂಚಾಯಿತಿಯವರು ಅದನ್ನೇ ಫ್ಲೆಕ್ಸ್ ಮಾಡಿಸಿ ಸಂಜೆಯೊಳಗೆ ಕೇರಿಯ ಬಾಯಿಗೆ ಕಟ್ಟುವವರಿದ್ದರು. ಆಗಲೇ ಇಬ್ಬರು ರೊಕ್ಕ ಎಣಿಸಿ ಸೆರಗಿಗೆ ಕಟ್ಟಿಕೊಂಡು ನಿಂತಿದ್ದರು. ಉಳಿದವರು ನಿಂಗವ್ವನ ಅಂಗಳದಲ್ಲಿ ಕುಳಿತು ಅವಳ ಮುಖ ನೋಡುತ್ತಿದ್ದರು.

"ದೊಡ್ಡಮನಿ ಪರಸಪ್ಪನೇ ಕಟ್ಟ್ಯಾನ, ನಿಮಗೇನು ಧಾಡಿ ಅಂತ ಪಂಚಾಯ್ತಿಯವರು ಕೇಳಾಕ ಹತ್ಯಾರ. ನಾ ಏನ್ ಹೇಳ್ಲಿ, ನೀವ ಹೇಳ್ರಿ. ಕದ್ದು ಕಟ್ಟೀರೇನು?"

ನಾನು ಕಟ್ಟಿಲ್ಲ, ಅದು ಲೈಟಿನ ಟ್ರಯಲ್ಲು ಎಂದು ಪರಸಪ್ಪ ಹೇಳಿದ. ಹೇಳುತ್ತಿದ್ದಂತೆ ಆ ಮಾತು ಎಷ್ಟು ದಡ್ಡತನದ್ದೆಂದು ಅವನಿಗೇ ಕೇಳಿಸಿತು. ಅವಳು ಫೋನ್ ಇಟ್ಟಳು. ಹನ್ನೊಂದು ವರ್ಷ ಯಾರ್ಯಾರದೋ ಜಾಗದಲ್ಲಿ ನಿಂತು ಇಳಿದಿದ್ದ. ಈ ಸಲ ಅವನ ಜಾಗದಲ್ಲಿ ಅವನನ್ನೇ ನಿಲ್ಲಿಸಿ ಅವನಿಗೇ ಹೇಳಿರಲಿಲ್ಲ. ಕಲಸಿದ ಅನ್ನ ಹಾಗೇ ಬಿಟ್ಟು, ಕೈ ತೊಳೆದು, ಮ್ಯಾನೇಜರನ್ನು ಹುಡುಕಿಕೊಂಡು ಹೋದ.

ಶಿವಪ್ರಸಾದರು ಗ್ರೀನ್ ರೂಮಿನಲ್ಲಿ ಜ್ಯೂಸ್ ಕುಡಿಯುತ್ತಿದ್ದರು. ಬಾಗಿಲಲ್ಲಿ ನಿಂತ ಪರಸಪ್ಪನನ್ನು ಕಂಡು ಅವರಿಗೆ ಖುಷಿಯೇ ಆಯಿತು. ಸಂಜೆ ಹೇಳಿ ಆಶ್ಚರ್ಯಪಡಿಸೋಣ ಅಂತಿದ್ದೆ, ಊರವರು ಅವಸರ ಮಾಡಿದರು ಅಂದರು. ನಿನ್ನ ತೆರಿಗೆ ಕಂಪನಿಯ ಕಡೆಯಿಂದ ಕಟ್ಟಿದ್ದೇವೆ, ಕೇರಿಯ ಹುಡುಗ ಸ್ಟೇಜ್ ಏರುವುದು ಅಂದರೆ ಸಣ್ಣ ಮಾತಲ್ಲ, ಇದು ಸಾಮಾಜಿಕ ನ್ಯಾಯ ಅಂದರು. ಇದೇ ಶಿವಪ್ರಸಾದರು ತಿಂಗಳಿಗೊಮ್ಮೆ ನೀರು-ಕರೆಂಟಿನ ಬಿಲ್ಲು ಬಂದಾಗ ಅದರಲ್ಲಿ ಸೇರಿದ ಹೌಸಿಂಗ್ ಫೀ ಎಂಬ ಅಲ್ಲಿನ ಮನೆ ತೆರಿಗೆ ನೋಡಿ, ಇದು ಹಗಲು ದರೋಡೆ ಎಂದು ಆಫೀಸಿನ ತುಂಬ ಕೂಗಾಡುವರು. ಅವರ ನಲ್ಲಿಯಲ್ಲಿ ಬಿಸಿನೀರೂ ಬರುತ್ತಿತ್ತು, ತಣ್ಣೀರೂ ಬರುತ್ತಿತ್ತು.

ಕಟ್ಟಬಾರದು ಎಂದು ಕೇರಿಯಲ್ಲಿ ಮಾತಾಗಿದೆ ಸರ, ನನ್ನನ್ನು ಕೇಳಬೇಕಿತ್ತು ಎಂದ ಪರಸಪ್ಪ. ಶಿವಪ್ರಸಾದರು ಎದ್ದು ಬಾಗಿಲು ಮುಂದೆ ಮಾಡಿದರು.

"ನೋಡು, ಇಲ್ಲೆ ರಾಜಕೀಯ ಮಾಡಂಗಿಲ್ಲ. ಇದು ದುಬೈ. ನಿನ್ನ ಪಗಾರದಾಗ ಸ್ವಲ್ಪ ಸ್ವಲ್ಪ ಹಿಡಕೋತೀವಿ, ನಿನಗ ಗೊತ್ತೂ ಆಗಂಗಿಲ್ಲ. ಸಂಜಿಗೆ ಸುಮ್ನ ನಿಂದ್ರು, ನಮಸ್ಕಾರ ಅನ್ನು, ಇಳಿ. ಮುಂದಿನ ತಿಂಗಳು ನಿನ್ನ ವೀಸಾ ರಿನ್ಯೂ ಐತಿ, ನೆನಪೈತಿಲ್ಲೋ?"

ನೆನಪಿತ್ತು. ಮಗಳು ಕಾಲೇಜು ಸೇರಿದ್ದಳು. ವೀಸಾ ಹೋದರೆ ಏನು ಹೋಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಶಾಲು ಹೊದ್ದರೆ ಏನು ಹೋಗುತ್ತದೆ ಎಂಬುದನ್ನು ನಿಂಗವ್ವ ಈಗಷ್ಟೇ ಹೇಳಿದ್ದಳು. ಅವನು ಬಾಗಿಲು ತೆಗೆದುಕೊಂಡು ಹೊರಗೆ ಬಂದ.

ಲಾರಿಯ ನೆರಳಲ್ಲಿ ಕುಳಿತಿದ್ದ ಅಬೂಬಕ್ಕರ್ ಎಲ್ಲ ಕೇಳಿಸಿಕೊಂಡ. ಅವನಿಗೂ ಮೂರು ಹೆಣ್ಣುಮಕ್ಕಳು. ಸ್ಟೇರಿಂಗ್ ಒರೆಸುವ ಬಟ್ಟೆಯಿಂದ ಮುಖ ಒರೆಸಿಕೊಂಡು ಹೇಳಿದ.

"ಎಂತ ಮಾಡ್ಲಿಕ್ಕುಂಟು ಪರಸಪ್ಪಣ್ಣ. ಶಾಲು ಹಾಕಿಸಿಕೊಂಡು ಇಳಿ. ಇಲ್ಲಿ ಬಾಯಿ ಬಿಟ್ಟವ ಏರ್‌ಪೋರ್ಟಿಗೆ ಹೋದ ಹಾಗೇ. ಖಲಾಸ್."

ಸಂಜೆ ಹಾಲ್ ತುಂಬಿತು. ಮುಂದೆ ರೇಷ್ಮೆ ಸೀರೆಯ ಕುಟುಂಬಗಳು. ಹಿಂದಿನ ಸಾಲುಗಳಿಗೆ ಲೇಬರ್ ಕ್ಯಾಂಪಿನಿಂದ ಬಸ್ಸಿನಲ್ಲಿ ಕೆಲಸಗಾರರನ್ನು ತಂದು ಕೂರಿಸಿದ್ದರು. ಖಾಲಿ ಕುರ್ಚಿ ವಿಡಿಯೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಕ್ಯಾಂಪಿನವರಿಗೆ ಪಲಾವ್ ಪೊಟ್ಟಣ ಕೊಟ್ಟರೆ ಕಾಣುವಂತೆ ಕೂರುತ್ತಾರೆ. ನಾಡಗೀತೆಯಾಯಿತು. ಮಕ್ಕಳು ಇಂಗ್ಲಿಷಿನಲ್ಲಿ ಕಿತ್ತಾಡುತ್ತಾ ಕನ್ನಡದಲ್ಲಿ ಕುಣಿದರು. ಗೌಡರು ಮಾತಾಡಿದರು. ತೆರಿಗೆ ಕಟ್ಟಿದರೆ ಪ್ರತಿಯೊಂದು ಊರೂ ದುಬೈ ಆಗುತ್ತದೆ ಅಂದರು. ಕೆಲವರು ಹಣ ಕೂಡಿಸಿ ಹೊರಗೆ ಮನೆ ಕಟ್ಟುತ್ತಾರೆ, ಊರಿಗೆ ಕೊಡಬೇಕೆಂದರೆ ಮುಖ ತಿರುಗಿಸುತ್ತಾರೆ, ಅಂಥವರ ನಡುವೆ ಒಬ್ಬ ಬಡ ಕೂಲಿಯವನು ಕಣ್ಣು ತೆರೆಸಿದ್ದಾನೆ ಅಂದರು. ಚಪ್ಪಾಳೆ ಬಿತ್ತು.

ನಿರೂಪಣೆ ಮಾಡುತ್ತಿದ್ದವರು ಸಿಸಿಲಿಯಾ. ಆಸ್ಪತ್ರೆಯೊಂದರ ರಿಸೆಪ್ಶನ್ನಿನಲ್ಲಿ ಕೆಲಸ, ಊರು ಬಂಟ್ವಾಳ, ಕನ್ನಡ ಸ್ಪಷ್ಟ. ಕಡಲಾಚೆ ಇದ್ದರೂ ಹುಟ್ಟೂರ ಋಣ ಮರೆಯದ ಶ್ರೀಯುತ ಪರಸಪ್ಪ ದೊಡ್ಡಮನಿಯವರು ವೇದಿಕೆಗೆ ಬರಬೇಕೆಂದು ಓದಿದರು. ಶ್ರೀಯುತರು ಪರದೆಯ ಹಿಂದೆ ಹಗ್ಗ ಹಿಡಿದು ನಿಂತಿದ್ದರು. ಹಗ್ಗವನ್ನು ಇನ್ನೊಬ್ಬನ ಕೈಗೆ ಕೊಟ್ಟು, ತಾನೇ ಮೊಳೆ ಹೊಡೆದ ಹಲಗೆಗಳ ಮೇಲೆ ನಡೆದು ನಡುವೆ ಬಂದ. ಬೆಳಕು ಮುಖಕ್ಕೆ ಬಿತ್ತು.

ಗೌಡರು ಶಾಲು ಬಿಡಿಸಿ ಎರಡೂ ಕೈ ಎತ್ತಿದರು. ಪರಸಪ್ಪ ನೆಟ್ಟಗೆ ನಿಂತಿದ್ದ.

ಬಗ್ಗು ಎಂದು ಗೌಡರು ಹಲ್ಲು ಬಿಟ್ಟುಕೊಂಡೇ ಹೇಳಿದರು. ಪರಸಪ್ಪ ಬಗ್ಗಲಿಲ್ಲ. ಗೌಡರು ತುದಿಗಾಲಲ್ಲಿ ನಿಂತು ಶಾಲು ಎಸೆದಂತೆ ಹಾಕಿದರು. ಅದು ಒಂದು ಭುಜ ಮುಟ್ಟಿ ಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು. ಬಳಗದ ಇಬ್ಬರು ಹೆಕ್ಕಿ ಕೊಟ್ಟರು. ಇನ್ನೊಮ್ಮೆ ಎಸೆದರು, ಇನ್ನೊಮ್ಮೆ ಬಿತ್ತು. ಶಿವಪ್ರಸಾದರು ಹಿಂದಿನಿಂದ ಬಂದು ಪರಸಪ್ಪನ ಕುತ್ತಿಗೆಯ ಮೇಲೆ ಕೈಯಿಟ್ಟು, ನೋಡುವವರಿಗೆ ಪ್ರೀತಿಯೆಂದು ಕಾಣುವ ಹಾಗೆ ಕೆಳಕ್ಕೆ ಒತ್ತಿದರು. ಆ ಕುತ್ತಿಗೆ ಹನ್ನೊಂದು ವರ್ಷ ಕಬ್ಬಿಣದ ಕೆಳಗೆ ಇದ್ದದ್ದು. ಮ್ಯಾನೇಜರ ಅಂಗೈಗೆ ಅದು ಅಲುಗಲಿಲ್ಲ. ಬಹುಶಃ ಪರಸಪ್ಪನ ಕುತ್ತಿಗೆಯನ್ನು ಅವರು ಮುಟ್ಟಿದ್ದು ಅದೇ ಮೊದಲು.

ಯಾರೋ ಬುದ್ಧಿವಂತರು ಕುರ್ಚಿ ತಂದರು. ಗೌಡರು ಅದರ ಮೇಲೆ ಹತ್ತಿದರು. ಇಬ್ಬರು ಕುರ್ಚಿ ಹಿಡಿದರು, ಒಬ್ಬರು ಗೌಡರ ಸೊಂಟ ಹಿಡಿದರು. ಪೇಟ ಎತ್ತಿ ಕೆಳಗಿಳಿಸುವ ಹೊತ್ತಿಗೆ ಪರಸಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಪಟ್ಟಣ ಪಂಚಾಯಿತಿ ಅಧ್ಯಕ್ಷರು ಕುರ್ಚಿಯ ಮೇಲೆ ನಿಂತು ಬರಿಗಾಳಿಗೆ ಪೇಟ ತೊಡಿಸಿದರು.

ಮೊದಲು ನಕ್ಕಿದ್ದು ಹಿಂದಿನ ಸಾಲು. ಆಮೇಲೆ ಮುಂದಿನವರಲ್ಲೂ ಕೆಲವರು ನಗು ತಡೆಯಲಾರದೆ ಸೆರಗು ಅಡ್ಡ ಹಿಡಿದರು. ಅಷ್ಟರಲ್ಲಿ ಪರಸಪ್ಪ ಸಿಸಿಲಿಯಾರ ಕಡೆ ತಿರುಗಿದ. ನಿಲ್ಲಿಸು ಎಂದು ಶಿವಪ್ರಸಾದರು ಕೈಸನ್ನೆ ಮಾಡುತ್ತಲೇ ಇದ್ದರು. ಸಿಸಿಲಿಯಾ ಅದನ್ನು ನೋಡಿದರು. ನೋಡಿಯೂ ಮೈಕನ್ನು ಪರಸಪ್ಪನ ಬಾಯಿಯ ಹತ್ತಿರ ಹಿಡಿದರು. ಅವನಿಗೆ ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

"ನಾ ತೆರಿಗಿ ಕಟ್ಟಿಲ್ಲ," ಅಂದ. "ನನ್ನ ಹೆಸರಿಲೆ ಕಟ್ಯಾರ, ನನ್ನ ಕೇಳಿಲ್ಲ. ನಮ್ಮ ಕೇರಿಗೆ ನೀರು ಬಂದಿಲ್ಲ. ದೀಪ ಬಂದಿಲ್ಲ. ಮ್ಯಾಲಿನ ಓಣಿ ಹೇಲು ಬಂದೈತಿ. ಅದನ್ನ ದಾಟಿ ನನ್ನ ಮಗಳು ಕಾಲೇಜಿಗೆ ಹೊಕ್ಕಾಳ. ನೀರು ಬರೂತನಕ ನಾವು ಯಾರೂ ಕಟ್ಟೂದಿಲ್ಲ. ಈ ಶಾಲು ನಂದಲ್ಲ."

ಹೇಲೆಂಬ ಮಾತು ಮೈಕಿನಲ್ಲಿ ಬಂದದ್ದಕ್ಕೆ ಮುಂದಿನ ಸಾಲಿನವರಿಗೆ ಬಹಳ ಬೇಜಾರಾಯಿತು. ಊಟಕ್ಕೆ ಮುಂಚೆ ಅಂಥದ್ದನ್ನು ಹೇಳಬಹುದೇ ಎಂದು ಅವರು ಆಮೇಲೆ ಬಹಳ ದಿನ ಚರ್ಚಿಸಿದರಂತೆ. ಅದರ ಪಕ್ಕದಲ್ಲಿ ವರ್ಷಗಟ್ಟಲೆ ಅನ್ನ ಉಂಡವರ ಬಗ್ಗೆ ಚರ್ಚೆಯಾದ ಸುದ್ದಿ ಇಲ್ಲ. ಶಿವಪ್ರಸಾದರು ಮೈಕ್ ಕಿತ್ತುಕೊಂಡು, ನಮ್ಮ ಹುಡುಗನಿಗೆ ಸಂತೋಷದಲ್ಲಿ ಮಾತು ತಪ್ಪಿದೆ ಎಂದು ಹೇಳಿ ಜಾನಪದ ನೃತ್ಯ ಶುರು ಮಾಡಿಸಿದರು. ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜ್ ಬಿಚ್ಚಿದವನೂ ಪರಸಪ್ಪನೇ. ಅವನನ್ನು ಆಗಿಂದಾಗಲೇ ಹೊರಗೆ ಹಾಕಬೇಕೆಂದು ಶಿವಪ್ರಸಾದರಿಗೆ ಇತ್ತು. ಆದರೆ ಬೆಳಗಿನೊಳಗೆ ಹಾಲ್ ಖಾಲಿ ಮಾಡಿಕೊಡಬೇಕಿತ್ತು.

ತಿರುಗಿ ಬರುವಾಗ ಅಬೂಬಕ್ಕರ್ ಮಾತಾಡದೆ ಲಾರಿ ಓಡಿಸಿದ. ಅಲ್ ಕೂಜ್ ತಲುಪಿದ ಮೇಲೆ ತನ್ನ ಫೋನ್ ತೆಗೆದು ತೋರಿಸಿದ. ಬಾಯಿ ಬಿಡಬೇಡ ಎಂದು ಬುದ್ಧಿ ಹೇಳಿದ್ದವನು ಹಿಂದಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ವಿಡಿಯೋ ಮಾಡಿಕೊಂಡಿದ್ದ. ಕುರ್ಚಿ ಬಂದದ್ದು, ಗೌಡರು ಹತ್ತಿದ್ದು, ಗಾಳಿಗೆ ಪೇಟ ತೊಡಿಸಿದ್ದು ಎಲ್ಲ ಇತ್ತು. ಅದನ್ನು ಅಕ್ಷರಾಳ ನಂಬರಿಗೆ ಕಳಿಸಿದ್ದೂ ಅವನೇ.

ಶನಿವಾರ ಬೆಳಿಗ್ಗೆ ಎಸಿ ಕ್ಯಾಬಿನ್ನಿನಲ್ಲಿ ಕೆಲಸ ಐದು ನಿಮಿಷಕ್ಕೆ ಮುಗಿಯಿತು. ವೀಸಾ ಕ್ಯಾನ್ಸಲ್. ಟಿಕೆಟ್ ಕಂಪನಿಯದು. ಕಟ್ಟಿದ ತೆರಿಗೆ ಬಾಕಿ ಪಗಾರದಲ್ಲಿ ಹಿಡಿದುಕೊಂಡಾಗಿತ್ತು. ನಿನಗೆ ಎಷ್ಟು ಒಳ್ಳೆಯದು ಮಾಡಲು ಹೋದೆ ಎಂದು ಶಿವಪ್ರಸಾದರು ನಿಜವಾಗಿಯೂ ನೊಂದುಕೊಂಡು ಹೇಳಿದರು. ಪರಸಪ್ಪ ಸಹಿ ಹಾಕಿ ಹೊರಗೆ ಬಂದ. ಒಳಗೊಳಗೆ ಅಳು ಬಂದಿತ್ತು. ಹನ್ನೊಂದು ವರ್ಷ ಬೈಗುಳ ತಿಂದ ಜಾಗವಾದರೂ ಅದು ಅವನ ಅನ್ನದ ಜಾಗ. ಮಗಳ ಓದು, ಊರ ಮನೆಗೆ ಅರ್ಧ ಕಟ್ಟಿ ಉಳಿದ ಕಾಂಪೌಂಡು, ಇನ್ನು ಮುಂದೆ ಏನು ಎಂಬ ಯೋಚನೆ ಹತ್ತಿತು. ಕ್ಯಾಂಪಿನ ಗೋಡೆಯ ನೆರಳಲ್ಲಿ ಕುಳಿತು ಊರಿಗೆ ಫೋನ್ ಮಾಡಿದ.

ನಿಂಗವ್ವನ ದನಿಗೆ ಬಿಸಿ ಬಂದಿತ್ತು. ಏದುಸಿರಿತ್ತು. ವಿಡಿಯೋವನ್ನು ಕೇರಿಯಲ್ಲಿ ನೋಡದವರಿಲ್ಲವಂತೆ. ಸೆರಗಿಗೆ ರೊಕ್ಕ ಕಟ್ಟಿಕೊಂಡಿದ್ದವರು ಗಂಟು ಬಿಚ್ಚಿದರಂತೆ. ಬೆಳಿಗ್ಗೆ ಎದ್ದು ಹೆಂಗಸರೆಲ್ಲ ಬಕೀಟು ತಂದು, ಬಾಗಿಲ ಮುಂದಿನ ಮೋರಿಯಲ್ಲಿ ತುಂಬಿಕೊಂಡು, ಪೇಟೆಯ ನಡುವಿನ ರಸ್ತೆಯಲ್ಲೇ ಹೊತ್ತು ಹೋಗಿ ಪಟ್ಟಣ ಪಂಚಾಯಿತಿಯ ಮೆಟ್ಟಿಲ ಮೇಲೆ ಸುರಿದಿದ್ದರು. ಮೇಲಿನ ಓಣಿಯವರು ಮೂಗು ಮುಚ್ಚಿಕೊಂಡು ನೋಡಿದರಂತೆ. ಅವರದೇ ಮಾಲು.

"ಮೋರಿ ಕರ ಕಟ್ಟಾಕ ಬಂದೀವಿ, ರಸೀದಿ ಬರೀರಿ ಅಂದೆ. ಕ್ಲಾರ್ಕ ಬಾಗಿಲಾ ಹಾಕ್ಕೊಂಡು ಕುಂತ."

ಪೊಲೀಸರು ಬಂದು ಹೆಸರು ಬರೆದುಕೊಂಡು ಹೋಗಿದ್ದರು. ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರಂತೆ. ನನ್ನ ಹೆಸರೇ ಬರೆದುಕೊಳ್ಳಿ ಎಂದು ನಿಂಗವ್ವ ಹೇಳಿದಳಂತೆ. ನಿಮ್ಮ ಹೆಸರು ಮಾದರಿ ಆಗಿ ಕೆಟ್ಟು ಹೋಗಿದೆ ಎಂದು ಗಂಡನಿಗೆ ಸಮಜಾಯಿಷಿ ಕೊಟ್ಟಳು. ಪರಸಪ್ಪ ನಕ್ಕ. ನಗು ನಿಲ್ಲುವ ಮೊದಲೇ, ಕೆಲಸ ಹೋಯಿತು, ವಾರದೊಳಗೆ ಬರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ.

ಆಚೆ ಯಾರೋ ಬಕೀಟು ತೊಳೆಯುವ ಸದ್ದು ಕೇಳುತ್ತಿತ್ತು. ಅವಳು ಮೂಗೆಳೆದದ್ದೂ ಕೇಳಿಸಿತು.

"ಬರ್ರಿ," ಅಂದಳು ನಿಂಗವ್ವ. "ಮೋರಿ ಕರದ್ದು ಇನ್ನೂ ಭಾಳ ಕಂತು ಕಟ್ಟೂದೈತಿ. ಹೊರಾಕ ಮಂದಿ ಕಡಿಮಿ ಬಿದ್ದಾರ."